ಥೈರಾಯ್ಡ್ ಮಾತ್ರೆ ನಿಲ್ಲಿಸುವ ಮುಂಚೆ ಇದನ್ನೊಮ್ಮೆ ಓದಿ



ಈ ವಾರದ ವಿಷಯ ಸ್ವಲ್ಪ ಉದ್ದ ಉಂಟು. ಬೆಳಿಗ್ಗೆ ಲೋಕಲ್ ಟ್ರೈನಿನಲ್ಲಿ ಮಲಾಡಿನಿಂದ ದಾದರ್ ಮುಟ್ಟುವಷ್ಟರಲ್ಲಿ ಓದಿ ಮುಗಿಸಬಹುದು, ಕೂರಲು ಸೀಟು ಸಿಕ್ಕಿದರೆ.

ಎರಡು ತಿಂಗಳ ಹಿಂದೆ ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯ ಅಕ್ಕ ಒಂದು ರಿಪೋರ್ಟ್ ಹಿಡಿದುಕೊಂಡು ಮೇಲೆ ಬಂದರು. ಅವರ ಊರು ಕುಂದಾಪುರದ ಹತ್ತಿರ. ಯಜಮಾನರಿಗೆ ಹೋಟೆಲ್ ಕೆಲಸ, ಮಲಾಡಿಗೆ ಬಂದು ಮೂವತ್ತು ವರ್ಷ ದಾಟಿತು. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ಅಂತ ಯಾರ ಮನೆಗೆ ಯಾವ ರಿಪೋರ್ಟ್ ಬಂದರೂ ಮೊದಲು ನನ್ನ ಟೇಬಲ್ಲಿಗೇ ಬರುತ್ತದೆ. ನಾನು ಡಾಕ್ಟರಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ.

"ಅಣ್ಣ, ಇದೊಂದು ನೋಡಿ. ಸೊಸೆಯದ್ದು. ಎಂತದೋ 600ಕ್ಕಿಂತ ಮೇಲೆ ಅಂತ ಬರೆದಿದ್ದಾರೆ, ನಮಗೆ ಕೈಕಾಲೇ ಆಡ್ತಿಲ್ಲ."

600ಕ್ಕಿಂತ ಮೇಲೆ ಇದ್ದದ್ದು ಆಂಟಿ ಟಿಪಿಒ ಎಂಬ ಪ್ರತಿಕಾಯ. ಆ ಲ್ಯಾಬಿನ ಲೆಕ್ಕದಲ್ಲಿ 34ರ ಒಳಗೆ ಇರಬೇಕಾದದ್ದು. ಆದರೆ ನನ್ನ ಕಣ್ಣು ಹೋದದ್ದು ಅದರ ಮೇಲಿನ ಸಾಲಿಗೆ. ಟಿಎಸ್‌ಎಚ್ 14. ಹುಡುಗಿ ಎರಡು ತಿಂಗಳ ಗರ್ಭಿಣಿ. ವಿಚಾರಿಸಿದಾಗ ಗೊತ್ತಾಯಿತು, ಮದುವೆಗೆ ಮುಂಚಿನಿಂದ ತೆಗೆದುಕೊಳ್ಳುತ್ತಿದ್ದ ಥೈರಾಯ್ಡ್ ಮಾತ್ರೆಯನ್ನು ಆರು ವಾರದಿಂದ ನಿಲ್ಲಿಸಿದ್ದಾಳೆ. ಮೊಬೈಲಿಗೆ ಒಂದು ಮೆಸೇಜ್ ಬಂದಿತ್ತಂತೆ: ಥೈರಾಯ್ಡ್ ಮಾತ್ರೆ ಗ್ರಂಥಿಯನ್ನು ಸೋಮಾರಿ ಮಾಡುತ್ತದೆ, ಕೊತ್ತಂಬರಿ ನೀರು ಕುಡಿದರೆ ನಲವತ್ತು ದಿನದಲ್ಲಿ ಬೇರುಸಹಿತ ಗುಣ. ಗರ್ಭಿಣಿ ಎಂದು ಗೊತ್ತಾಗುವ ಮೊದಲೇ ನಿಲ್ಲಿಸಿದ್ದು, ಗೊತ್ತಾದ ಮೇಲೆ "ಮಗುವಿಗೆ ಮಾತ್ರೆಯ ಉಷ್ಣ ಬೇಡ" ಅಂತ ಮುಂದುವರಿಸಿದ್ದು.

ಅವತ್ತು ಸಂಜೆಯೇ ಡಾಕ್ಟರ ಹತ್ತಿರ ಕಳಿಸಿದೆ. ಮಾತ್ರೆ ಮತ್ತೆ ಶುರುವಾಯಿತು, ಮೊದಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ.

ಮರುದಿನ ಅಕ್ಕ ಮತ್ತೆ ಬಂದರು. ಈ ಸಲ ದನಿ ಬೇರೆ. "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಅಣ್ಣ. ಇವಳ ಅಮ್ಮನಿಗೆ ಉಂಟಂತೆ, ನಮಗೆ ಹೇಳಲೇ ಇಲ್ಲ. ಅಲ್ಲಿಂದ ಬಂದದ್ದೇ ಅಲ್ವಾ? ನಾಳೆ ಮಗುವಿಗೂ ಬರ್ತದಾ?"

ಹುಡುಗಿ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಈ ಲೇಖನ ಬರೆಯಲು ಕೂತದ್ದು ಆ ಪ್ರಶ್ನೆಗಾಗಿ. "ರಕ್ತದಲ್ಲೇ ಬಂದದ್ದು" ಎಂದು ನಾವು ಹೇಳುವ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದ ಅರ್ಧ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಮಾತು ಕೇಳಿಸಿಕೊಳ್ಳುತ್ತಾರೆ.

*ಒಂದೇ ಪುಸ್ತಕ, ಬೇರೆ ಬೇರೆ ಪುಟ*

ಥೈರಾಯ್ಡ್ ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಹಾಗೆ ಅಂಟಿಕೊಂಡಿರುವ ಗ್ರಂಥಿ. ತೂಕ ಸುಮಾರು 15ರಿಂದ 20 ಗ್ರಾಂ. ನಾವು ತಿನ್ನುವ ಉಪ್ಪಿನ ಅಯೋಡಿನ್ ಹಿಡಿದು, ಅದರಿಂದ ಹಾರ್ಮೋನ್ ಮಾಡಿ ರಕ್ತಕ್ಕೆ ಬಿಡುವುದು ಅದರ ಕೆಲಸ. ದೇಹದ ಪ್ರತಿಯೊಂದು ಅಂಗ ಎಷ್ಟು ಚುರುಕಾಗಿ ಓಡಬೇಕು ಎಂಬುದು ಈ ಹಾರ್ಮೋನಿನ ಮೇಲೆ ನಿಂತಿದೆ. ಕಡಿಮೆಯಾದರೆ ಸುಸ್ತು, ಮಲಬದ್ಧತೆ, ಕೂದಲು ಉದುರುವುದು, ಮೈ ಊದಿಕೊಳ್ಳುವುದು, ಸೆಖೆಯ ಮುಂಬೈಯಲ್ಲೂ ಚಳಿ ಅನಿಸುವುದು.

ಈಗ ನಮ್ಮ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ದೋಸೆ ಕಲ್ಲಿನ ಹತ್ತಿರ ಒಬ್ಬ, ಕಾಫಿ ಚಹಾಕ್ಕೆ ಒಬ್ಬ, ಸಾಂಬಾರಿಗೆ ಭಟ್ಟರು, ಗಲ್ಲೆಯಲ್ಲಿ ಯಜಮಾನರು. ಎಲ್ಲರ ಕೈಯಲ್ಲೂ ಒಂದೇ ದೊಡ್ಡ ಪುಸ್ತಕ ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಎಲ್ಲ ಅಡುಗೆಯೂ ಬರೆದಿದೆ. ಆದರೆ ದೋಸೆಯವನು ದೋಸೆಯ ಪುಟ ಮಾತ್ರ ತೆರೆಯುತ್ತಾನೆ, ಚಹಾದವನು ಚಹಾದ ಪುಟ ಮಾತ್ರ.

ನಮ್ಮ ದೇಹವೂ ಹಾಗೆಯೇ. ಕಣ್ಣಿನ ಜೀವಕೋಶದಲ್ಲಿ, ಚರ್ಮದ ಜೀವಕೋಶದಲ್ಲಿ, ಥೈರಾಯ್ಡ್ ಜೀವಕೋಶದಲ್ಲಿ ಇರುವುದು ಅದೇ ಜೀನ್‌ಗಳ ಪುಸ್ತಕ. ಪ್ರೋಟೀನು ಮಾಡುವ ಸುಮಾರು 20,000 ಜೀನ್‌ಗಳು ಅದರಲ್ಲಿವೆ. ಯಾವ ಜೀವಕೋಶ ಯಾವ ಪುಟವನ್ನು ತೆರೆದು ಓದುತ್ತದೆ, ಎಷ್ಟು ಜೋರಾಗಿ ಓದುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಜೀನ್ ಅಭಿವ್ಯಕ್ತಿ ಎಂದು ಹೆಸರು.

ಥೈರಾಯ್ಡ್ ಜೀವಕೋಶ ತೆರೆಯುವ ಪುಟಗಳಲ್ಲಿ ನಾಲ್ಕು ಮುಖ್ಯ. ಅಯೋಡಿನನ್ನು ಒಳಗೆ ಎಳೆದುಕೊಳ್ಳುವ ಪಂಪು. ಹಾರ್ಮೋನ್ ತಯಾರಾಗುವ ದೊಡ್ಡ ಪ್ರೋಟೀನು, ಹೆಸರು ಥೈರೋಗ್ಲೋಬ್ಯುಲಿನ್. ಅದಕ್ಕೆ ಅಯೋಡಿನ್ ಜೋಡಿಸುವ ಕಿಣ್ವ ಟಿಪಿಒ. ಕೊನೆಯದು ಟಿಎಸ್‌ಎಚ್ ಬಂದು ತಟ್ಟುವ ಕದ. ಈ ಟಿಎಸ್‌ಎಚ್ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಕಳಿಸುವ ಆರ್ಡರ್. ಹಾರ್ಮೋನ್ ಸಾಲದಿದ್ದರೆ ಪಿಟ್ಯುಟರಿ ಜೋರಾಗಿ ಕೂಗುತ್ತದೆ, ಟಿಎಸ್‌ಎಚ್ ಏರುತ್ತದೆ. ಸಾಕಾದರೆ ಸುಮ್ಮನಾಗುತ್ತದೆ. ರಿಪೋರ್ಟಿನಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಕಡಿಮೆ ಅಂತ ಹೇಳುವುದು ಇದಕ್ಕೇ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ.

*ವಾಚ್‌ಮನ್ ಮನೆಯವರನ್ನೇ ಹಿಡಿದಾಗ*

1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ಎಂಬ ಯುವ ಸರ್ಜನ್ ನಾಲ್ಕು ಹೆಂಗಸರ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಜರ್ಮನ್ ಭಾಷೆಯಲ್ಲಿ ಒಂದು ಲೇಖನ ಬರೆದರು. ಗ್ರಂಥಿಯ ತುಂಬ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದವು. ಯಾಕೆ ಅಂತ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಅವರು ಊರಿಗೆ ಹೋಗಿ ಸಾಮಾನ್ಯ ಡಾಕ್ಟರಾಗಿ ಕೆಲಸ ಮಾಡಿದರು, 1934ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡರು. ತನ್ನ ಹೆಸರು ಮಲಾಡಿನ ಲ್ಯಾಬ್ ರಿಪೋರ್ಟಿನವರೆಗೂ ಬರುತ್ತದೆ ಅಂತ ಅವರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಉತ್ತರ ಸಿಕ್ಕಿದ್ದು 1956ರಲ್ಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಐವನ್ ರಾಯಿಟ್, ಡೆಬೊರಾ ಡೋನಿಯಾಕ್ ಮತ್ತು ಅವರ ಜೊತೆಯವರು ಹಶಿಮೊಟೊ ರೋಗಿಗಳ ರಕ್ತದ ಸೀರಮ್ಮನ್ನು ಥೈರಾಯ್ಡಿನ ಸಾರದ ಜೊತೆ ಸೇರಿಸಿದರು. ಹಾಲು ಒಡೆದ ಹಾಗೆ ಗಷ್ಟು ಕಟ್ಟಿತು. ಅಂದರೆ ರೋಗಿಯ ರಕ್ತದಲ್ಲಿ ಅವರದೇ ಥೈರಾಯ್ಡಿನ ವಿರುದ್ಧ ಪ್ರತಿಕಾಯ ಇತ್ತು. ಅದೇ ವರ್ಷ ಅಮೆರಿಕದಲ್ಲಿ ನೋಯಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಲ್ಲಿ ಇದೇ ಕಾಯಿಲೆ ತರಿಸಿ ತೋರಿಸಿದರು. ದೇಹ ತನ್ನ ಮೇಲೆ ತಾನೇ ದಾಳಿ ಮಾಡುವುದು ಅಸಾಧ್ಯ ಅಂತ ಆವರೆಗೆ ದೊಡ್ಡದೊಡ್ಡವರೇ ನಂಬಿದ್ದರು.

ಸೊಸೈಟಿಯ ವಾಚ್‌ಮನ್ ಕಳ್ಳನನ್ನು ಬಿಟ್ಟು, ಇಪ್ಪತ್ತು ವರ್ಷದಿಂದ ಇರುವ ಬಾಡಿಗೆದಾರನನ್ನು ಗೇಟಿನಲ್ಲಿ ಹಿಡಿದ ಹಾಗೆ ಇದು. ಸ್ವಯಂನಿರೋಧಕ ಕಾಯಿಲೆ ಎಂದರೆ ಇಷ್ಟೇ. ಆದರೆ ವಾಚ್‌ಮನ್ ಯಾಕೆ ತಪ್ಪಿದ?

*ಥೈರಾಯ್ಡ್ ಜೀವಕೋಶ ತೆರೆಯಬಾರದ ಪುಟ ತೆರೆದಾಗ*

ಮೇಲಿನ ಅದೇ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ 27 ವರ್ಷದ ನಂತರ, 1983ರಲ್ಲಿ, ಫ್ರಾಂಕೊ ಬೊಟ್ಟಾಜೊ ಮತ್ತು ಸಂಗಡಿಗರು ಒಂದು ವಿಚಿತ್ರ ಕಂಡರು. ಆಪರೇಷನ್ನಿನಲ್ಲಿ ತೆಗೆದ ಥೈರಾಯ್ಡಿನ ಜೀವಕೋಶಗಳ ಮೇಲೆ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನು ಇತ್ತು. ಇದು ಅಲ್ಲಿ ಇರಬೇಕಾದ್ದಲ್ಲ.

ಎಚ್‌ಎಲ್‌ಎ-ಡಿಆರ್ ಅನ್ನು ಒಂದು ತಟ್ಟೆ ಎಂದುಕೊಳ್ಳಿ. ದೇಹದಲ್ಲಿ ಗಸ್ತು ತಿರುಗುವ ಕೆಲವು ಜೀವಕೋಶಗಳಿಗೆ ಮಾತ್ರ ಈ ತಟ್ಟೆ ಹಿಡಿಯುವ ಕೆಲಸ. ಅವು ಸಿಕ್ಕಿದ ಕ್ರಿಮಿಯನ್ನು ಚೂರು ಮಾಡಿ ತಟ್ಟೆಯಲ್ಲಿಟ್ಟು ಟಿ ಜೀವಕೋಶಗಳಿಗೆ ತೋರಿಸುತ್ತವೆ: "ನೋಡು, ಇಂಥವನು ಒಳಗೆ ಬಂದಿದ್ದಾನೆ." ಟಿ ಜೀವಕೋಶ ಗುರುತು ಹಿಡಿದರೆ ದಾಳಿ ಶುರು. ಥೈರಾಯ್ಡ್ ಜೀವಕೋಶದ ಪುಸ್ತಕದಲ್ಲೂ ಈ ತಟ್ಟೆಯ ಪುಟ ಇದೆ, ಎಲ್ಲರದೂ ಒಂದೇ ಪುಸ್ತಕ ತಾನೆ. ಆದರೆ ಆ ಪುಟ ಮುಚ್ಚಿರುತ್ತದೆ.

ಅದನ್ನು ತೆರೆಸುವುದು ಇಂಟರ್‌ಫೆರಾನ್ ಗಾಮಾ. ಟಿ ಜೀವಕೋಶಗಳು ದಾಳಿಯ ಹೊತ್ತಿಗೆ ಬಿಡುವ ರಾಸಾಯನಿಕ ಸೀಟಿ ಇದು. ಪ್ರಯೋಗಾಲಯದ ಬಟ್ಟಲಿನಲ್ಲಿ ಬೆಳೆಸಿದ ಮನುಷ್ಯರ ಥೈರಾಯ್ಡ್ ಜೀವಕೋಶಗಳಿಗೆ ಇದನ್ನು ಹಾಕಿದರೆ ಅವು ತಟ್ಟೆ ಹಿಡಿದು ನಿಲ್ಲುತ್ತವೆ. ತಟ್ಟೆಯಲ್ಲಿಡಲು ಅವುಗಳ ಹತ್ತಿರ ಇರುವುದಾದರೂ ಏನು? ತಮ್ಮದೇ ಟಿಪಿಒ, ತಮ್ಮದೇ ಥೈರೋಗ್ಲೋಬ್ಯುಲಿನ್. ಪಾಪ, ತಮ್ಮ ಮನೆಯ ಸಾಮಾನನ್ನೇ ತಾವೇ ಪೊಲೀಸರಿಗೆ ತೋರಿಸಿದ ಹಾಗೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಅದೇ ಸೀಟಿ ಕೇಳಿದ ಥೈರಾಯ್ಡ್ ಜೀವಕೋಶ ಇನ್ನೂ ಒಂದು ಪುಟ ತೆರೆದು, ಹೆಚ್ಚು ಟಿ ಜೀವಕೋಶಗಳನ್ನು ಕರೆಯುವ ಸಿಎಕ್ಸ್‌ಸಿಎಲ್10 ಎಂಬ ವಸ್ತುವನ್ನು ಬಿಡುತ್ತದೆ. ಅವು ಬರುತ್ತವೆ, ಮತ್ತಷ್ಟು ಇಂಟರ್‌ಫೆರಾನ್ ಬಿಡುತ್ತವೆ, ಮತ್ತಷ್ಟು ತಟ್ಟೆಗಳು ಏಳುತ್ತವೆ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಇದರ ನಡುವೆ ಜೀವಕೋಶ ತನ್ನ ನಿಜವಾದ ಕೆಲಸದ ಪುಟಗಳನ್ನು, ಅಂದರೆ ಅಯೋಡಿನ್ ಪಂಪು, ಥೈರೋಗ್ಲೋಬ್ಯುಲಿನ್, ಇವನ್ನು ಮೆಲ್ಲಗೆ ಮುಚ್ಚುತ್ತದೆ. ಗ್ರಂಥಿಯ ಜೀವಕೋಶಗಳು ಸಾಯುವುದಕ್ಕೂ ಮೊದಲೇ ಕೆಲಸ ಕುಂಟುತ್ತದೆ.

ಬೊಟ್ಟಾಜೊ ಅವರ ವಾದ ಏನಿತ್ತೆಂದರೆ, ಯಾವುದೋ ಸೋಂಕು ಬಂದು ಮೊದಲು ಥೈರಾಯ್ಡ್ ಜೀವಕೋಶವೇ ತಟ್ಟೆ ಎತ್ತುತ್ತದೆ, ಆಮೇಲೆ ದಾಳಿ ಬರುತ್ತದೆ ಎಂದು. ನಂತರದ ಸಂಶೋಧನೆಗಳಲ್ಲಿ ಸರದಿ ತಿರುಗಿದ ಹಾಗೆ ಕಾಣುತ್ತದೆ. ಮೊದಲು ಟಿ ಜೀವಕೋಶಗಳು ಬಂದು ಕೂರುತ್ತವೆ, ಅವುಗಳ ಸೀಟಿಗೆ ಥೈರಾಯ್ಡ್ ತಟ್ಟೆ ಎತ್ತುತ್ತದೆ, ಅದರಿಂದ ಬೆಂಕಿ ಆರದೆ ಉಳಿಯುತ್ತದೆ. ಮೊದಲ ಕಿಡಿ ಯಾವುದಾದರೂ ಇರಲಿ, ಬೆಂಕಿಗೆ ಸೌದೆ ಒಡ್ಡುವುದರಲ್ಲಿ ಥೈರಾಯ್ಡ್ ಜೀವಕೋಶದ ಪಾಲೂ ಇದೆ ಎನ್ನುವುದು ಮಾತ್ರ ಈಗ ಎಲ್ಲರೂ ಒಪ್ಪುವ ಮಾತು.

*ಹಾಗಾದರೆ ಅಮ್ಮನಿಂದ ಬಂದದ್ದಾ?*

ಡೆನ್ಮಾರ್ಕಿನಲ್ಲಿ ಅವಳಿಗಳ ದೊಡ್ಡ ದಾಖಲೆ ಇದೆ. ತದ್ರೂಪಿ ಅವಳಿಗಳ ಪುಸ್ತಕ ಅಕ್ಷರ ಅಕ್ಷರವೂ ಒಂದೇ. ಅಲ್ಲಿ ಒಬ್ಬರಿಗೆ ಹಶಿಮೊಟೊ ಬಂದು ಥೈರಾಯ್ಡ್ ಕಡಿಮೆಯಾಗಿದ್ದರೆ ಇನ್ನೊಬ್ಬರಿಗೂ ಬಂದದ್ದು 100ರಲ್ಲಿ ಸುಮಾರು 55 ಜೋಡಿಗಳಲ್ಲಿ. ಥೈರಾಯ್ಡ್ ಅತಿಯಾಗುವ ಗ್ರೇವ್ಸ್ ಕಾಯಿಲೆಯಲ್ಲಿ ಸುಮಾರು 35. ತದ್ರೂಪಿಗಳಲ್ಲದ ಅವಳಿಗಳಲ್ಲಿ ಈ ಲೆಕ್ಕ ತೀರಾ ಕಡಿಮೆ, ಗ್ರೇವ್ಸ್‌ನಲ್ಲಿ 3ರಷ್ಟು.

ಈ ಅಂಕಿಯನ್ನು ಎರಡು ಕಡೆಯಿಂದ ಓದಬೇಕು. ವಂಶದ ಪಾಲು ಇದೆ, ಸುಳ್ಳಲ್ಲ. ಆದರೆ ಪುಸ್ತಕ ಪೂರ್ತಿ ಒಂದೇ ಇದ್ದರೂ ಅರ್ಧದಷ್ಟು ಜನರಿಗೆ ಕಾಯಿಲೆ ಬರಲೇ ಇಲ್ಲ. ಅಮ್ಮನಿಂದ ಮಗಳಿಗೆ ಹೋಗುವುದು ಅರ್ಧ ಪುಸ್ತಕ ಮಾತ್ರ. ಅಮ್ಮನಿಗೆ ಉಂಟು ಎಂದರೆ ಮಗಳಿಗೆ ಸಾಧ್ಯತೆ ಹೆಚ್ಚು ಎಂದಷ್ಟೇ ಅರ್ಥ, ಹಣೆಬರಹ ಅಂತಲ್ಲ.

ಇನ್ನೊಂದು ಮಾತು. ಇದು ಒಂದೇ ಕೆಟ್ಟ ಜೀನಿನ ಕಥೆಯೂ ಅಲ್ಲ. ಎಚ್‌ಎಲ್‌ಎ, ಸಿಟಿಎಲ್‌ಎ4, ಟಿಎಸ್‌ಎಚ್ ಕದದ ಜೀನ್, ಥೈರೋಗ್ಲೋಬ್ಯುಲಿನ್ ಜೀನ್, ಹೀಗೆ ಹಲವು ಕಡೆಯ ಸಣ್ಣಸಣ್ಣ ವ್ಯತ್ಯಾಸಗಳು ಸೇರಬೇಕು. ಅಪ್ಪನ ಕಡೆಯಿಂದ ಎರಡು, ಅಮ್ಮನ ಕಡೆಯಿಂದ ಮೂರು. ಕುಂದಾಪುರದ ಅಕ್ಕನಿಗೆ ನಾನು ಹೇಳಿದ್ದು ಇದನ್ನೇ: ನಿಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ ಎಂದರೆ ನಿಮ್ಮ ಕಡೆಯ ಪುಸ್ತಕದಲ್ಲಿ ಆ ಅಕ್ಷರಗಳು ಇಲ್ಲ ಅಂತ ಅಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವ್ಯತ್ಯಾಸಗಳಲ್ಲಿ ಕೆಲವು ಕೆಲಸ ಮಾಡುವ ರೀತಿ ನನಗೆ ಬಹಳ ಹಿಡಿಸಿದ್ದು. ನಮ್ಮ ಎದೆಗೂಡಿನಲ್ಲಿ ಥೈಮಸ್ ಎಂಬ ಅಂಗ ಇದೆ, ಅದು ಟಿ ಜೀವಕೋಶಗಳ ಶಾಲೆ. ಅಲ್ಲಿ ದೇಹದ ಎಲ್ಲ ಅಂಗಗಳ ಪುಟಗಳನ್ನೂ ಸ್ವಲ್ಪ ಸ್ವಲ್ಪ ತೆರೆದು ಮಕ್ಕಳಿಗೆ ತೋರಿಸುತ್ತಾರೆ: ಇದು ನಮ್ಮ ಥೈರಾಯ್ಡು, ಇದು ನಮ್ಮ ಸಕ್ಕರೆ ಗ್ರಂಥಿ, ಇವರನ್ನು ಮುಟ್ಟಬಾರದು. ಮುಟ್ಟಲು ಹೋಗುವವರನ್ನು ಅಲ್ಲೇ ತೆಗೆದುಹಾಕುತ್ತಾರೆ. ಟಿಎಸ್‌ಎಚ್ ಕದದ ಜೀನಿನಲ್ಲಿ ಒಂದು ಸಣ್ಣ ವ್ಯತ್ಯಾಸ ಇರುವವರ ಥೈಮಸ್ಸಿನಲ್ಲಿ ಆ ಪುಟವನ್ನು ಕಡಿಮೆ ಓದುತ್ತಾರೆ ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಪಾಠ ಸರಿಯಾಗಿ ಆಗದೆ ಪಾಸಾದ ಹುಡುಗರು ಹೊರಗೆ ಬಂದು ಥೈರಾಯ್ಡನ್ನು ಕಂಡು ಪರಕೀಯ ಅಂದುಕೊಳ್ಳುತ್ತಾರೆ. ಪ್ರೋಟೀನು ಕೆಟ್ಟಿಲ್ಲ, ಪುಟವನ್ನು ಓದಿದ ಪ್ರಮಾಣ ಕಡಿಮೆಯಾಯಿತು ಅಷ್ಟೇ.

ಹೆಂಗಸರಿಗೇ ಯಾಕೆ ಇದು ಐದರಿಂದ ಹತ್ತು ಪಟ್ಟು ಹೆಚ್ಚು? ಹಾರ್ಮೋನುಗಳ ಪಾಲು ಇದೆ. ಜೊತೆಗೆ ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್ ಇದ್ದು ಅದರಲ್ಲಿ ಒಂದನ್ನು ಮುಚ್ಚಿಡಲಾಗುತ್ತದೆ. ಅಮ್ಮನಿಂದ ಬಂದದ್ದೋ ಅಪ್ಪನಿಂದ ಬಂದದ್ದೋ, ಹೆಚ್ಚುಕಡಿಮೆ ಅರ್ಧ ಅರ್ಧ. ಥೈರಾಯ್ಡ್ ಸ್ವಯಂನಿರೋಧಕ ಕಾಯಿಲೆ ಇರುವ ಹಲವು ಹೆಂಗಸರಲ್ಲಿ ಈ ಅರ್ಧ ಅರ್ಧ ಏರುಪೇರಾಗಿರುವುದು ಕಂಡಿದೆ. ಇದೂ ಪುಟ ತೆರೆಯುವ ಮುಚ್ಚುವ ಲೆಕ್ಕವೇ. ಹೆಂಗಸರ ತಪ್ಪು ಇದರಲ್ಲಿ ಎಲ್ಲಿ ಬಂತು?

*600 ಅಂತ ಬಂದರೆ ಹೆದರಬೇಕಾ?*

2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಮುಂಬೈ, ಬೆಂಗಳೂರು ಸೇರಿ ದೇಶದ ಎಂಟು ನಗರಗಳ 5,376 ದೊಡ್ಡವರನ್ನು ಪರೀಕ್ಷಿಸಿದ್ದರು. ಥೈರಾಯ್ಡ್ ಕಡಿಮೆ ಇದ್ದವರು ಸುಮಾರು 11 ಶೇಕಡಾ. ಆಂಟಿ ಟಿಪಿಒ ಪ್ರತಿಕಾಯ ಇದ್ದವರು ಸುಮಾರು 22 ಶೇಕಡಾ. ಅಂದರೆ ಎರಡು ಪಟ್ಟು. ಮಲಾಡ್ ಸ್ಟೇಷನ್ನಿನಲ್ಲಿ ನಿಮ್ಮ ಜೊತೆ ಹತ್ತುವ ಐದು ಜನರಲ್ಲಿ ಒಬ್ಬರ ರಕ್ತದಲ್ಲಿ ಈ ಪ್ರತಿಕಾಯ ಇರಬಹುದು, ಅವರು ಏನೂ ಗೊತ್ತಿಲ್ಲದೆ ಕಿಟಕಿ ಸೀಟಿಗೆ ಜಗಳ ಆಡುತ್ತಿರಬಹುದು.

ಇಂಗ್ಲೆಂಡಿನ ವಿಕ್‌ಹ್ಯಾಮ್ ಎಂಬಲ್ಲಿ ಜನರನ್ನು 20 ವರ್ಷ ಹಿಂಬಾಲಿಸಿ ನೋಡಿದಾಗ, ಪ್ರತಿಕಾಯ ಮಾತ್ರ ಇದ್ದು ಟಿಎಸ್‌ಎಚ್ ಸರಿಯಿದ್ದ ಹೆಂಗಸರಲ್ಲಿ ವರ್ಷಕ್ಕೆ 100ರಲ್ಲಿ ಸುಮಾರು 2 ಜನರಿಗೆ ಥೈರಾಯ್ಡ್ ಕಡಿಮೆಯಾಯಿತು. ಎರಡೂ ಇದ್ದವರಲ್ಲಿ 4ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಪ್ರತಿಕಾಯ ಮಾತ್ರ ಕಂಡರೆ ಸಾಮಾನ್ಯವಾಗಿ ಮಾತ್ರೆ ಬೇಡ, ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಂಡರೆ ಸಾಕು. ಮಾತ್ರೆಯ ಪ್ರಮಾಣ ನಿರ್ಧಾರ ಆಗುವುದು ಟಿಎಸ್‌ಎಚ್ ನೋಡಿ, ಆಂಟಿ ಟಿಪಿಒ ನೋಡಿ ಅಲ್ಲ. 600 ಈ ತಿಂಗಳು 450 ಆಯಿತಾ ಅಂತ ಪದೇ ಪದೇ ದುಡ್ಡು ಸುರಿದು ಪರೀಕ್ಷೆ ಮಾಡಿಸುವವರನ್ನು ನಾನು ಕೌಂಟರಿನ ಒಳಗಿನಿಂದ ವರ್ಷಗಟ್ಟಲೆ ನೋಡಿದ್ದೇನೆ. ಪ್ರಯೋಜನ ಇಲ್ಲ. ಜೀನ್ ಟೆಸ್ಟ್ ಪ್ಯಾಕೇಜೂ ಹಾಗೆಯೇ. ಮೇಲೆ ಹೇಳಿದ ಅವಳಿಗಳ ಲೆಕ್ಕ ನೋಡಿದರೆ ಅದರಿಂದ ನಿಮಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ ಅಂತ ನನ್ನ ಅಭಿಪ್ರಾಯ.

*ಮಾತ್ರೆ ಗ್ರಂಥಿಯನ್ನು ಸೋಮಾರಿ ಮಾಡುತ್ತದೆಯಾ?*

ಆ ಮೆಸೇಜಿನ ಮಾತಿಗೆ ಬರೋಣ. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದ ಹೆಸರಿನಲ್ಲಿ ಸಿಗುವ ಮಾತ್ರೆಯಲ್ಲಿ ಇರುವುದು ಲೆವೊಥೈರಾಕ್ಸಿನ್, ಅಂದರೆ ನಿಮ್ಮ ಗ್ರಂಥಿ ಮಾಡುವ ಟಿ4 ಹಾರ್ಮೋನೇ. ಗ್ರಂಥಿ ಕುಂಟುತ್ತಿರುವುದು ಮಾತ್ರೆಯಿಂದಲ್ಲ, ಒಳಗಿನ ದಾಳಿಯಿಂದ. ಮಾತ್ರೆ ಬಂದಾಗ ಪಿಟ್ಯುಟರಿಯ ಕೂಗು ತಗ್ಗುತ್ತದೆ. ಟಿಎಸ್‌ಎಚ್ ಕೂಗಿದಷ್ಟೂ ಥೈರಾಯ್ಡ್ ಜೀವಕೋಶ ಟಿಪಿಒ ಪುಟವನ್ನು ಹೆಚ್ಚು ಓದುತ್ತದೆ, ದಾಳಿಕೋರರ ಗುರಿ ಅದೇ ಟಿಪಿಒ. ಕೂಗು ತಗ್ಗಿದರೆ ಅದೂ ತಗ್ಗುತ್ತದೆ. ಮಾತ್ರೆ ತೆಗೆದುಕೊಳ್ಳುವ ಬಹಳ ಜನರಲ್ಲಿ ವರ್ಷಗಳು ಕಳೆದ ಹಾಗೆ ಆಂಟಿ ಟಿಪಿಒ ಮೆಲ್ಲಗೆ ಇಳಿಯುತ್ತದೆ, ಪೂರ್ತಿ ಮಾಯವಾಗುವುದು ಕೆಲವರಲ್ಲಿ ಮಾತ್ರ.

ಹೆರಿಗೆಯ ನಂತರ ಬರುವ ಥೈರಾಯ್ಡ್ ಉರಿಯೂತದಂಥ ಕೆಲವು ಸಂದರ್ಭಗಳಲ್ಲಿ ಗ್ರಂಥಿ ಸುಧಾರಿಸಿಕೊಂಡು ಮಾತ್ರೆ ನಿಲ್ಲುವುದೂ ಉಂಟು. ಆದರೆ ಅದನ್ನು ಡಾಕ್ಟರು ಪರೀಕ್ಷೆ ಮಾಡಿ ನಿಲ್ಲಿಸುತ್ತಾರೆ, ಮೆಸೇಜು ನಿಲ್ಲಿಸುವುದಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಆಟವೇ ಬೇಡ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಥೈರಾಯ್ಡ್ ಹಾರ್ಮೋನ್ ಬೇಕೇ ಬೇಕು. ಮಗುವಿನ ಸ್ವಂತ ಗ್ರಂಥಿ ಸರಿಯಾಗಿ ಕೆಲಸಕ್ಕೆ ಇಳಿಯುವುದು ಅರ್ಧ ಗರ್ಭ ಕಳೆಯುವ ಹೊತ್ತಿಗೆ. ಅಲ್ಲಿಯ ತನಕ ಅಮ್ಮನ ರಕ್ತವೇ ಗತಿ. ಮೊದಲಿನಿಂದ ಮಾತ್ರೆ ತೆಗೆದುಕೊಳ್ಳುವವರಿಗೆ ಗರ್ಭ ನಿಂತ ಕೂಡಲೇ ಹೆಚ್ಚು ಪ್ರಮಾಣ ಬೇಕಾಗುತ್ತದೆ, ಸಾಮಾನ್ಯವಾಗಿ ಕಾಲು ಭಾಗದಿಂದ ಅರ್ಧದವರೆಗೆ ಹೆಚ್ಚು. ತಿಂಗಳು ತಪ್ಪಿತು ಎಂದು ಗೊತ್ತಾದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಮೊದಲ ಅರ್ಧದಲ್ಲಿ ಸುಮಾರು ನಾಲ್ಕು ವಾರಕ್ಕೊಮ್ಮೆ ಟಿಎಸ್‌ಎಚ್ ನೋಡುತ್ತಾರೆ, 2.5ರ ಒಳಗೆ ಇಡಲು ಪ್ರಯತ್ನಿಸುತ್ತಾರೆ. ಹೆರಿಗೆಗೆ ಊರಿಗೆ ಹೋಗುವವರು ಇಲ್ಲಿಯ ಫೈಲನ್ನು ಟ್ರಂಕಿನ ಅಡಿಯಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ.

ಬಾಣಂತನದಲ್ಲೂ ಒಂದು ಕಣ್ಣಿರಲಿ. ಗರ್ಭದಲ್ಲಿರುವ ಮಗು ಅರ್ಧ ಅಪ್ಪನದ್ದು, ಅಂದರೆ ಅರ್ಧ ಪರಕೀಯ. ಅದನ್ನು ತಡೆದುಕೊಳ್ಳಲು ದೇಹ ವಾಚ್‌ಮನ್‌ಗಳನ್ನು ತುಸು ಸುಮ್ಮನಾಗಿಸುತ್ತದೆ. ಹೆರಿಗೆ ಆದ ಮೇಲೆ ಅವರು ಎಚ್ಚರಾಗುತ್ತಾರೆ. ಹೆರಿಗೆಯಾದ ವರ್ಷದೊಳಗೆ 100ರಲ್ಲಿ ಸುಮಾರು 5 ತಾಯಂದಿರಿಗೆ ಥೈರಾಯ್ಡ್ ಏರುಪೇರಾಗುತ್ತದೆ, ಆಂಟಿ ಟಿಪಿಒ ಇದ್ದವರಲ್ಲಿ ಇದು ಇನ್ನೂ ಬಹಳ ಹೆಚ್ಚು. ಎದೆ ಹೊಡೆದುಕೊಳ್ಳುವುದು, ಆಮೇಲೆ ವಿಪರೀತ ಸುಸ್ತು, ಕಾರಣವಿಲ್ಲದೆ ಅಳು. "ಬಾಣಂತಿ ಅಂದಮೇಲೆ ಹಾಗೇ" ಅಂತ ಬಿಡುವ ಮೊದಲು ಒಂದು ಟಿಎಸ್‌ಎಚ್ ಮಾಡಿಸಿ.

*ಅಯೋಡಿನ್ ಮತ್ತು ಪರೇಲ್*

ನಮ್ಮ ಮಲೆನಾಡಿನ ಹಳಬರಿಗೆ ಗಳಗಂಡ ಗೊತ್ತು. ಅದು ಅಯೋಡಿನ್ ಕೊರತೆಯದ್ದು. 1962ರಲ್ಲಿ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿ ಉಪ್ಪಿಗೆ ಅಯೋಡಿನ್ ಸೇರಿಸಿತು. ಈಗ ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕೆಂಬ ನಿಯಮ, ಅಂದರೆ 10 ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದೂ ಸುಮಾರು ಅಷ್ಟೇ, ಗರ್ಭಿಣಿಯರಿಗೆ 250. ಫ್ಯಾಶನ್ನಿಗೆ ಪಿಂಕ್ ಸಾಲ್ಟ್, ಸೈಂಧವ ಲವಣಕ್ಕೆ ಪೂರ್ತಿ ಬದಲಾಯಿಸಿದರೆ ಈ ಅಯೋಡಿನ್ ತಪ್ಪುತ್ತದೆ. ಮತ್ತೆ "ಥೈರಾಯ್ಡಿಗೆ ಒಳ್ಳೆಯದು" ಅಂತ ಸಮುದ್ರಪಾಚಿಯ ಗುಳಿಗೆ ನುಂಗುವುದೂ ಅಪಾಯ. ಅತಿಯಾದ ಅಯೋಡಿನ್ ಈ ದಾಳಿಯನ್ನು ಕೆರಳಿಸುತ್ತದೆ. ಕೋಸುಗಡ್ಡೆ, ಹೂಕೋಸು ಬೇಯಿಸಿ ತಿನ್ನಿ, ಏನೂ ಆಗುವುದಿಲ್ಲ.

ಗ್ರೇವ್ಸ್ ಕಾಯಿಲೆಯಲ್ಲಿ ಕಥೆ ತಿರುಗುಮುರುಗು. ಅಲ್ಲಿ ಪ್ರತಿಕಾಯ ಟಿಎಸ್‌ಎಚ್ ಕದವನ್ನು ತಾನೇ ತಟ್ಟುತ್ತಲೇ ಇರುತ್ತದೆ, ಜೀವಕೋಶ ಕೆಲಸದ ಪುಟಗಳನ್ನು ಮುಚ್ಚುವುದೇ ಇಲ್ಲ. ತೂಕ ಇಳಿಯುವುದು, ಕೈ ನಡುಗುವುದು, ಕಣ್ಣು ಮುಂದೆ ಬರುವುದು. ಮಾತ್ರೆಯಲ್ಲಿ ಹತೋಟಿಗೆ ಬರದಿದ್ದರೆ ವಿಕಿರಣ ಅಯೋಡಿನ್ ಕೊಡುತ್ತಾರೆ. ಮುಂಬೈಯವರಾದ ನಮಗೆ ಇದು ದೂರದ ಮಾತಲ್ಲ. ಪರೇಲಿನಲ್ಲಿ ಅಣುಶಕ್ತಿ ಇಲಾಖೆಯ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಿಂದ ಇದೆ, ದೇಶದಲ್ಲಿ ಈ ಚಿಕಿತ್ಸೆ ಬೆಳೆದ ಜಾಗಗಳಲ್ಲಿ ಅದು ಮುಖ್ಯವಾದದ್ದು. ವಿಕಿರಣ ಅಂದ ಕೂಡಲೇ ಹೆದರುವವರು ಒಂದು ತಿಳಿದುಕೊಳ್ಳಿ. ಅಯೋಡಿನ್ ಪಂಪಿನ ಪುಟವನ್ನು ಜೋರಾಗಿ ಓದುವುದು ಥೈರಾಯ್ಡ್ ಜೀವಕೋಶ. ಆದ್ದರಿಂದ ನುಂಗಿದ ಮದ್ದಿನ ಹೆಚ್ಚಿನ ಪಾಲು ತಾನಾಗಿ ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ. ಉಳಿದದ್ದು ಹೆಚ್ಚಾಗಿ ಮೂತ್ರದಲ್ಲಿ ಹೊರಗೆ. ಅದರ ಶಕ್ತಿ ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತದೆ. ಗರ್ಭಿಣಿಯರಿಗೆ, ಎದೆಹಾಲು ಕೊಡುವವರಿಗೆ ಮಾತ್ರ ಇದನ್ನು ಕೊಡುವಂತಿಲ್ಲ.

*ಕೊತ್ತಂಬರಿ ನೀರು*

ನಾಲ್ಕು ವಾರದ ನಂತರ ಕೆಳಗಿನ ಮನೆಯ ಹುಡುಗಿಯ ಟಿಎಸ್‌ಎಚ್ 14ರಿಂದ 3ಕ್ಕೆ ಇಳಿಯಿತು, ಇನ್ನೂ ಸ್ವಲ್ಪ ಇಳಿಯಬೇಕು. ಡಾಕ್ಟರು ಪ್ರಮಾಣ ಮತ್ತೆ ತುಸು ಏರಿಸಿದ್ದಾರೆ. ಈಗ ಮಾತ್ರೆ ಕೊಡುವುದು ಅತ್ತೆಯೇ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಗೆ ನೀರಿನ ಜೊತೆ. ಚಹಾ ಒಂದು ಗಂಟೆ ಕಳೆದು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಕನಿಷ್ಠ ನಾಲ್ಕು ಗಂಟೆ ಬಿಟ್ಟು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹಿಡಿಯುವುದಿಲ್ಲ. ಮಳೆಗಾಲದ ತೇವಕ್ಕೆ ಮಾತ್ರೆ ಹಾಳಾಗದಂತೆ ಅದರದ್ದೇ ಡಬ್ಬಿಯಲ್ಲಿ, ಮುಚ್ಚಳ ಬಿಗಿ ಮಾಡಿ.

ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿದ ಅಕ್ಕ ಮೆಲ್ಲಗೆ ಕೇಳಿದರು, "ಅಣ್ಣ, ಆ ಕೊತ್ತಂಬರಿ ನೀರು ಪೂರ್ತಿ ಬಿಡಬೇಕಾ? ನನಗೂ ಅಭ್ಯಾಸ ಆಗಿ ಹೋಗಿದೆ."

"ಕುಡಿಯಿರಿ ಅಕ್ಕ," ಅಂದೆ. "ಅವಳಿಗೆ ಕೊಡುವುದಾದರೆ ಮಾತ್ರೆ ನುಂಗಿ ಒಂದು ಗಂಟೆಯ ಮೇಲೆ."